ಕೊನೆಯ ಮನೆಗೆ ನೀರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ವಾರಕ್ಕೆ ಏಳು ದಿನಗಳಿಲ್ಲ, ಎರಡೇ ದಿನ. ಒಂದು ನೀರು ಬರುವ ದಿನ, ಇನ್ನೊಂದು ನೀರು ಬಾರದ ದಿನ. ಸೋಮವಾರ, ಮಂಗಳವಾರಗಳೆಲ್ಲ ಕಚೇರಿಗೆ ಹೋಗುವವರ ಲೆಕ್ಕ. ಮನೆ ನೋಡಿಕೊಳ್ಳುವವರಿಗೆ ಕಂಬಳಿ ಒಗೆಯುವುದು, ಎಣ್ಣೆ ನೀರು ಹಾಕಿಕೊಳ್ಳುವುದು, ಹಂಡೆ ಬೆಳಗುವುದು, ಅಷ್ಟೇಕೆ, ಊರಿನಿಂದ ನೆಂಟರನ್ನು ಕರೆಸುವುದು ಕೂಡ ನೀರಿನ ದಿನವನ್ನು ನೋಡಿಯೇ. ಹಳ್ಳಿಯಲ್ಲಿ ಎದುರಿಗೆ ಸಿಕ್ಕವರನ್ನು "ಊಟ ಆಯ್ತಾ?" ಎಂದು ಕೇಳುತ್ತಾರೆ. ಇಲ್ಲಿ ಬೆಳಗಿನ ಹಾಲು ತರಲು ಹೋದವರು ಒಬ್ಬರನ್ನೊಬ್ಬರು ಕೇಳುವುದು "ಏನ್ರೀ, ನಿಮ್ಮನೇಲಿ ನೀರು ಬಂತಾ?" ಎಂದು. "ಬಂತು" ಎಂದವರ ಮುಖದಲ್ಲಿ ಲಾಟರಿ ಹೊಡೆದ ಕಳೆ. "ಇಲ್ಲಾರೀ" ಎಂದವರು ಆ ದಿನವಿಡೀ ಎಲ್ಲರ ಮೇಲೂ ಸಿಡಿಮಿಡಿ.

ಅಂಥದೇ ಒಂದು ಬೀದಿ. ಹೆಸರು ಬೇಡ, ಶ್ರೀನಗರ, ಹನುಮಂತನಗರ, ರಾಜಾಜಿನಗರ, ಎಲ್ಲಿ ಹುಡುಕಿದರೂ ಇದೇ ಅಚ್ಚಿನದು ಸಿಕ್ಕುತ್ತದೆ. ಮೂವತ್ತು-ನಲವತ್ತರ ನಿವೇಶನಗಳು. ಎರಡೂ ಬದಿ ಸೇರಿ ಇಪ್ಪತ್ತೆರಡು ಮನೆ. ಮೇನ್ ರಸ್ತೆಯ ಮೂಲೆಯಲ್ಲಿ ಹಾಲಿನ ಬೂತು, ಪಕ್ಕದಲ್ಲಿ ಹೊಂಗೆ ಮರ, ಮರದ ಬುಡದಲ್ಲಿ ಕಬ್ಬಿಣದ ಮುಚ್ಚಳದ ಕೆಳಗೆ ನೀರಿನ ವಾಲ್ವು. ಅಲ್ಲಿಂದ ಮುಂದೆ ಬೀದಿ ಸ್ವಲ್ಪ ಏರು. ಏರು ಮುಗಿದ ಕಡೆ ದಾರಿಯೂ ಮುಗಿಯುತ್ತದೆ. ಅಲ್ಲೊಂದು ಹಳೆಯ ಹೆಂಚಿನ ಮನೆ. ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ.

ಮೂವತ್ತು ವರ್ಷದ ಹಿಂದೆ ಇಲ್ಲಿ ಒಂದು ನಿವೇಶನಕ್ಕೆ ಒಂದು ಸಂಸಾರ. ಈಗ ಹೆಂಚಿನ ಮನೆಯೊಂದನ್ನು ಬಿಟ್ಟರೆ ಉಳಿದವೆಲ್ಲ ಎರಡಂತಸ್ತು, ಮೂರಂತಸ್ತು. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಅದರ ಮೇಲೆ ಒಂದು ಕೋಣೆಯಲ್ಲಿ ಕೆಲಸಕ್ಕೆ ಹೋಗುವ ಹುಡುಗರು. ನಡುವೆ ಒಂದು ಪಿ.ಜಿ. ಬೇರೆ ಎದ್ದಿದೆ, ಅರವತ್ತು ಮಂಚಗಳದ್ದು. ಬೀದಿ ಮೇಲಕ್ಕೆ ಬೆಳೆಯಿತು. ನೆಲದೊಳಗಿನ ಕೊಳವೆ ಮಾತ್ರ ಇಪ್ಪತ್ತೆರಡು ಸಂಸಾರಗಳ ಕಾಲದ್ದೇ.

ಬೇಸಿಗೆ ಇನ್ನೂ ಕಾಲಿಡುತ್ತಿದ್ದ ಒಂದು ಭಾನುವಾರ ಹೆಂಚಿನ ಮನೆಯ ಅಜ್ಜಿ ಹಾಲಿನ ಬೂತಿಗೆ ಖಾಲಿ ಬಿಂದಿಗೆ ಹಿಡಿದುಕೊಂಡೇ ಬಂದರು. ಹಾಲಿಗೆ ಬಿಂದಿಗೆಯೇ ಎಂದು ಬೂತಿನ ಹುಡುಗ ನಕ್ಕ. ಅಜ್ಜಿ ನಗಲಿಲ್ಲ. "ಮೂರು ಸರದಿ ಆಯ್ತಪ್ಪ, ನಮ್ಮನೆಗೆ ಒಂದು ತೊಟ್ಟು ಬಂದಿಲ್ಲ. ಇವರಿಗೆ ಮಂಡಿ ನೋವು. ಪಕ್ಕದವರನ್ನು ಎಷ್ಟು ದಿನ ಅಂತ ಕೇಳಲಿ? ಇವತ್ತು ಇಲ್ಲೇ ಕೇಳೋಣ ಅಂತ ಬಂದೆ" ಎಂದರು. ಮೂರು ಸರದಿ ಎಂದರೆ ಆರು ದಿನ. ಅಲ್ಲಿ ನಿಂತಿದ್ದ ಏಳೆಂಟು ಜನಕ್ಕೆ ಕೈಯಲ್ಲಿದ್ದ ಹಾಲಿನ ಪೊಟ್ಟಣ ಸ್ವಲ್ಪ ಭಾರವಾಯಿತು.

ಚರ್ಚೆ ಹುಟ್ಟಲು ಇಷ್ಟು ಸಾಕು. "ಬೋರ್ಡಿನವರದ್ದೇ ತಪ್ಪು" ಎಂದರು ಒಬ್ಬರು. "ವಾಲ್ವ್‌ಮ್ಯಾನ್ ಸರಿಯಾಗಿ ತಿರುಗಿಸೋಲ್ಲ" ಎಂದರು ಇನ್ನೊಬ್ಬರು. "ಎಲ್ಲಾ ಆ ಪಿ.ಜಿ.ಯಿಂದ" ಎಂಬುದು ಮೂರನೆಯವರ ತೀರ್ಮಾನ. "ಬಾಡಿಗೆಯವರಿಗೆ ನೀರಿನ ಬೆಲೆ ಗೊತ್ತಿಲ್ಲ" ಎಂದು ಮಾಲೀಕರೊಬ್ಬರು ಶುರುಮಾಡುತ್ತಿದ್ದಂತೆ, ಮೊದಲ ಮಹಡಿಯ ಬಾಡಿಗೆಯ ಹೆಂಗಸು, "ನಮಗೆ ನೀವು ಟ್ಯಾಂಕು ತುಂಬಿಸೋದೇ ದಿನಕ್ಕೊಂದು ಸಲ, ಬೆಲೆ ಗೊತ್ತಿಲ್ಲದೆ ಏನು?" ಎಂದು ಮಾತು ತುಂಡರಿಸಿದರು. ಐದನೆಯ ಮನೆಯ ನಿವೃತ್ತ ಮೇಷ್ಟ್ರು ಮಾತ್ರ ಸುಮ್ಮನೆ ವಾಲ್ವಿನ ಮುಚ್ಚಳವನ್ನೇ ನೋಡುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ನೀರು ವಾಲ್ವಿನವರೆಗೆ ಬರ್ತಾ ಇದೆ ತಾನೆ? ಹಾಗಾದರೆ ಇಲ್ಲಿಂದ ಅಜ್ಜಿ ಮನೆಗೆ ಹೋಗೋಷ್ಟರಲ್ಲಿ ಎಲ್ಲಿ ಹೋಯ್ತು?"

ಈ ಪ್ರಶ್ನೆಗೆ ಉತ್ತರ ಹುಡುಕುವ ಮುಂಚೆ ಆ ನೀರು ವಾಲ್ವಿನವರೆಗೆ ಬಂದ ದಾರಿಯನ್ನು ಒಮ್ಮೆ ನೋಡುವುದು ಒಳ್ಳೆಯದು. ಬೆಂಗಳೂರಿಗೆ ನದಿಯಿಲ್ಲ. ಊರು ಬದುಕಿದ್ದು ಕೆರೆ, ಕಲ್ಯಾಣಿ, ಬಾವಿಗಳ ಮೇಲೆ. ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿರುವ ಕಡೆ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣದ ಜಾಗ ಸಂಪಂಗಿ ಕೆರೆಯದು. 1896ರಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಮೊದಲ ಸಲ ಕೊಳವೆಯಲ್ಲಿ ನೀರು ಬಂತು. ಅದು ಸಾಲದೆ ಮೂವತ್ತರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ. ಅದೂ ಸಾಲದೆ 1974ರಲ್ಲಿ ಕಾವೇರಿ. ಆಮೇಲೆ 1982, 1993, 2002, 2012 ಎಂದು ಹಂತದ ಮೇಲೆ ಹಂತ. ಐದನೆಯ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದೇ ಮುಖ್ಯವಾಗಿ ಮಾಡಿದ್ದು ಅದು.

ಈ ನೀರು ಬರುವುದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರ್ ದೂರದಿಂದ. ದೂರಕ್ಕಿಂತ ಎತ್ತರ ದೊಡ್ಡ ತೊಡಕು. ಬೆಂಗಳೂರು ದಿಬ್ಬದ ಮೇಲಿನ ಊರು. ನದಿಯ ಮಟ್ಟದಿಂದ ಸುಮಾರು ಐನೂರು ಮೀಟರ್ ಮೇಲಕ್ಕೆ ನೀರನ್ನು ಎತ್ತಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ದೊಡ್ಡ ಪಂಪುಗಳು ಹಗಲೂ ರಾತ್ರಿ ಓಡುತ್ತವೆ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುತ್ತಿನದು. ಇಷ್ಟೆಲ್ಲ ಸಾಹಸ ಮಾಡಿ ನೂರು ಕಿಲೋಮೀಟರ್ ಬಂದ ನೀರು, ಹೊಂಗೆ ಮರದ ಬುಡದಿಂದ ಮುಂದಿನ ಒಂದು ನೂರು ಮೀಟರ್ ದಾಟಲಾರದೆ ಸೋತುಹೋಗುತ್ತದೆ. ಅಜ್ಜಿಯ ಬಿಂದಿಗೆಯ ಕಥೆ ಇಷ್ಟೇ.

ಸೋಲುವುದು ಹೇಗೆ? ಕೊಳವೆಯ ಲೆಕ್ಕ ಬಹಳ ಸರಳ. ವಾಲ್ವು ತೆರೆದಾಗ ಮೊದಲು ಗಾಳಿ ಬರುತ್ತದೆ, ಹಿಂದೆಯೇ ನೀರು. ತೆರೆದಿರುವ ಪ್ರತಿ ನಲ್ಲಿಯೂ ಒತ್ತಡವನ್ನು ಇಷ್ಟಿಷ್ಟೇ ತಿನ್ನುತ್ತದೆ. ಮೊದಲ ಮನೆಗಳ ನಲ್ಲಿ ನಿಂತಂತೆ ಒತ್ತಡ ಮುಂದಕ್ಕೆ ಸಾಗಿ ಕೊನೆಯ ಮನೆಗೆ ತಲುಪುತ್ತದೆ. ಹಿಂದೆ ಮನೆಯಲ್ಲಿದ್ದದ್ದು ಒಂದು ಹಂಡೆ, ಎರಡು ಡ್ರಮ್ಮು, ನಾಲ್ಕು ಕೊಡ. ಅವು ತುಂಬಲು ಅರ್ಧ ಗಂಟೆ. ತುಂಬಿದ ಮೇಲೆ ನಲ್ಲಿ ತಿರುಗಿಸಿ ಬೇರೆ ಕೆಲಸ. ಸರದಿ ತಾನಾಗಿ ಮುಂದಿನ ಮನೆಗೆ ಹೋಗುತ್ತಿತ್ತು.

ಆಮೇಲೆ ಸಂಪು ಬಂತು. ಮನೆಯ ಮುಂದೆ ನೆಲದೊಳಗೆ ತೊಟ್ಟಿ. ಹತ್ತಡಿ ಉದ್ದ, ಆರಡಿ ಅಗಲ, ಆರಡಿ ಆಳದ ಸಂಪು ಹಿಡಿಯುವುದು ಹತ್ತು ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು. ಅದು ನೆಲದ ಮಟ್ಟಕ್ಕಿಂತ ಕೆಳಗಿರುವುದರಿಂದ ಒತ್ತಡವೇ ಇಲ್ಲದ ನೀರೂ ಜಾರಿ ಅದರೊಳಗೆ ಬೀಳುತ್ತದೆ. ಕೊಡದಂತೆ ಅರ್ಧ ಗಂಟೆಗೆ ಸಾಕು ಎನ್ನುವ ಜಾತಿಯದಲ್ಲ ಅದು. ಮೂರು ಗಂಟೆಯ ನೀರನ್ನೂ ನುಂಗುತ್ತದೆ. ಒಳಗೆ ಬಾಲ್ ವಾಲ್ವ್ ಇಲ್ಲದಿದ್ದರೆ ತುಂಬಿದ ಮೇಲೂ ನುಂಗಿ, ಮೋರಿಗೆ ಉಗುಳುತ್ತದೆ. ಹಾಗೆಂದು ಸಂಪನ್ನು ಬೈಯುವಂತಿಲ್ಲ. ಎರಡು ದಿನಕ್ಕೊಮ್ಮೆ ಮಾತ್ರ ನೀರು ಬರುವ ಊರಿನಲ್ಲಿ ಕೂಡಿಡದೆ ಬದುಕುವುದು ಹೇಗೆ?

ಸಂಪಿನ ಮೇಲೆ ಬಂದದ್ದು ಮೋಟಾರು. ಸಂಪಿನಿಂದ ಮೇಲಿನ ಟ್ಯಾಂಕಿಗೆ ಎತ್ತುವ ಮೋಟಾರು ಎಲ್ಲರ ಮನೆಯಲ್ಲೂ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ ಬೀದಿಯ ಕೊಳವೆಗೇ ಅರ್ಧ ಅಶ್ವಶಕ್ತಿಯ ಮೋಟಾರನ್ನು ನೇರವಾಗಿ ಸೇರಿಸಿ ಎಳೆಯುವುದುಂಟಲ್ಲ, ಅದು ಬೇರೆ ಮಾತು. ಇದು ನಿಯಮಕ್ಕೆ ವಿರುದ್ಧ ಎಂಬುದು ಹಾಕಿಸಿಕೊಂಡವರಿಗೂ ಗೊತ್ತು. ಆದ್ದರಿಂದಲೇ ಅದು ಕಾಂಪೌಂಡಿನ ಮೂಲೆಯಲ್ಲಿ, ತುಳಸಿಕಟ್ಟೆಯ ಹಿಂದೆ, ಹಳೆಯ ಗೋಣಿಚೀಲ ಹೊದ್ದುಕೊಂಡು ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನಸುಕಿನ ಐದು ಗಂಟೆಗೆ "ಗುಂಯ್" ಎನ್ನುವ ಸದ್ದನ್ನು ಮಾತ್ರ ಗೋಣಿಚೀಲ ಮುಚ್ಚಲಾರದು.

ಮೇಷ್ಟ್ರ ಪ್ರಶ್ನೆಗೆ ಉತ್ತರ ಇದೇ ಎಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಹೇಳುವವರು ಯಾರು? ಕೊನೆಗೆ ಬಾಡಿಗೆಯ ಹೆಂಗಸೇ, "ಮೂರನೇ ಮನೇಲಿ ಮೋಟಾರು ಓಡೋದು ನಮ್ಮ ರೂಮಿಗೆ ಕೇಳುತ್ತೆ" ಎಂದುಬಿಟ್ಟರು. ಮೂರನೇ ಮನೆಯ ಯಜಮಾನರು ಅಲ್ಲೇ ಇದ್ದರು. ಮುಖ ಕೆಂಪಾಯಿತು. ಆದರೆ ಅವರು ಅಲ್ಲಗಳೆಯಲಿಲ್ಲ. "ಹೌದ್ರೀ, ಹಾಕಿಸಿದ್ದೀನಿ. ಯಾಕೆ ಹಾಕಿಸಿದೆ ಅಂತ ಕೇಳಿ. ಹೋದ ವರ್ಷ ಎದುರು ಮನೆಯವರು ಹಾಕಿಸಿದರು. ಅವತ್ತಿಂದ ನಮ್ಮ ಸಂಪು ಅರ್ಧವೂ ತುಂಬಲಿಲ್ಲ. ಮನೇಲಿ ಬಾಣಂತಿ ಇದ್ದಳು. ನಾನೇನು ಮಾಡಬೇಕಿತ್ತು?" ಎಂದರು. ಎದುರು ಮನೆಯವರು, "ನಾವು ಹಾಕಿಸಿದ್ದು ಪಿ.ಜಿ.ಯವರು ಹಾಕಿಸಿದ ಮೇಲೆ" ಎಂದರು. ಪಿ.ಜಿ.ಯ ಮಾಲೀಕರು, "ಅರವತ್ತು ಜನ ಸಾರ್, ನೀರಿಲ್ಲ ಅಂದರೆ ಬೆಳಿಗ್ಗೆಯೇ ಖಾಲಿ ಮಾಡ್ತಾರೆ. ನನಗೂ ಬ್ಯಾಂಕಿನ ಕಂತು ಇದೆ" ಎಂದರು. ಲೆಕ್ಕ ಹಾಕಿದಾಗ ಇಪ್ಪತ್ತೆರಡು ಮನೆಗಳಲ್ಲಿ ಏಳು ಮೋಟಾರು. ಒಬ್ಬೊಬ್ಬರಿಗೂ ಕಾರಣವಿತ್ತು. ಒಬ್ಬರ ಕಾರಣ ಇನ್ನೊಬ್ಬರ ಮೋಟಾರು.

ಅಜ್ಜಿಯ ಮನೆಯಲ್ಲಿ ಮೋಟಾರೂ ಇಲ್ಲ, ಸಂಪೂ ಇಲ್ಲ. ಪಡಸಾಲೆಯ ಪಕ್ಕದಲ್ಲಿ ಒಂದು ನಲ್ಲಿ, ಅದರ ಕೆಳಗೆ ತಾಮ್ರದ ಹಂಡೆ. ಅಷ್ಟೇ.

ನೀರು ಸಿಗದವರು ಟ್ಯಾಂಕರ್ ತರಿಸಬಹುದಲ್ಲ ಎನ್ನುವವರಿದ್ದಾರೆ. ಅದರ ಲೆಕ್ಕವನ್ನೂ ನೋಡಬೇಕು. 2014ರಿಂದ 2025ರ ಏಪ್ರಿಲ್‌ವರೆಗೆ ಜಲಮಂಡಳಿಯ ಗೃಹಬಳಕೆಯ ದರ ಮೊದಲ ಎಂಟು ಸಾವಿರ ಲೀಟರಿನ ಮಟ್ಟಿಗೆ ಸಾವಿರ ಲೀಟರಿಗೆ ಏಳು ರೂಪಾಯಿ. ಒಳಚರಂಡಿ ಮೊದಲಾದ ಶುಲ್ಕ ಬಿಟ್ಟು ನೋಡಿದರೆ ಆರು ಸಾವಿರ ಲೀಟರಿಗೆ 42 ರೂಪಾಯಿ. 2025ರಲ್ಲಿ ದರ ಏರಿದ ಮೇಲೂ ಆ ಮೊದಲ ಹಂತದಲ್ಲಿ ಲೀಟರಿಗೆ ಒಂದು ಪೈಸೆ ಆಗಲಿಲ್ಲ. ಇನ್ನು ಟ್ಯಾಂಕರ್. 2024ರ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳು ಸಾಲು ಸಾಲಾಗಿ ಬತ್ತಿ, ಟ್ಯಾಂಕರಿನವರು ಹೇಳಿದ್ದೇ ಬೆಲೆಯಾದಾಗ, ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗಾದರೆ ಆರು ಸಾವಿರ ಲೀಟರಿಗೆ 600 ರೂಪಾಯಿ, ಹನ್ನೆರಡು ಸಾವಿರಕ್ಕೆ 1,000 ರೂಪಾಯಿ. ಇದು ಸರ್ಕಾರ ಹಿಡಿದು ಕಟ್ಟಿದ ಬೆಲೆ. ಅದೇ ಬೀದಿ, ಅಷ್ಟೇ ನೀರು. ಮೊದಲ ಮನೆಗೆ 42 ರೂಪಾಯಿ, ಕೊನೆಯ ಮನೆಗೆ 600. ಹದಿನಾಲ್ಕು ಪಟ್ಟಿಗೂ ಮೇಲೆ. ಕೊಳವೆಯಿಂದ ಎಳೆದುಕೊಂಡವರು ಕದ್ದದ್ದು ನೀರು ಮಾತ್ರ ಎಂದು ತಿಳಿದಿದ್ದರೆ ಈ ವ್ಯತ್ಯಾಸವನ್ನು ಇನ್ನೊಮ್ಮೆ ನೋಡಬಹುದು. ಅದು ಪಿಂಚಣಿಯಲ್ಲಿ ಬದುಕುವ ಇಬ್ಬರ ಡಬ್ಬಿಯಿಂದ ಹೋದ ದುಡ್ಡು. ಮೇಲಾಗಿ ಆರು ಸಾವಿರ ಲೀಟರನ್ನು ಅಜ್ಜಿ ಎಲ್ಲಿ ತುಂಬಿಸಿಡಬೇಕು? ಹಂಡೆಯಲ್ಲೇ?

ಮೋಟಾರಿನ ಇನ್ನೊಂದು ಉಪದ್ರವ ಹಾಕಿಸಿಕೊಂಡವರನ್ನೂ ಬಿಡುವುದಿಲ್ಲ. ಹಳೆಯ ಬೀದಿಗಳಲ್ಲಿ ಕುಡಿಯುವ ನೀರಿನ ಕೊಳವೆಯೂ ಸ್ಯಾನಿಟರಿ ಲೈನೂ ಬಹಳ ದೂರವಿರುವುದಿಲ್ಲ. ಕೊಳವೆಯಲ್ಲಿ ಒತ್ತಡವಿದ್ದಾಗ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ನಷ್ಟ, ಆದರೆ ಕೊಳಕಿಲ್ಲ. ಏಳು ಮೋಟಾರು ಒಟ್ಟಿಗೆ ಎಳೆದು ಕೊಳವೆ ಬರಿದಾದಾಗ ಅದೇ ಬಿರುಕಿನಿಂದ ಹೊರಗಿನದು ಒಳಗೆ ಬರುತ್ತದೆ. ಬೆಳಿಗ್ಗೆ ನಲ್ಲಿಯಲ್ಲಿ ಮೊದಲು ಬರುವ ಎರಡು ಬಕೆಟ್ ಕಪ್ಪು ನೀರು, ಅದರ ವಾಸನೆ, ಆಮೇಲೆ ಮಕ್ಕಳಿಗೆ ಬರುವ ವಾಂತಿ ಭೇದಿ, ಇದಕ್ಕೆಲ್ಲ ಕಾರಣವನ್ನು ದೂರದ ತೊರೆಕಾಡನಹಳ್ಳಿಯಲ್ಲಿ ಹುಡುಕಬೇಕಾಗಿಲ್ಲ. ತುಳಸಿಕಟ್ಟೆಯ ಹಿಂದೆ ನೋಡಿದರೆ ಸಾಕು. ಈ ಮಾತನ್ನು ಮೇಷ್ಟ್ರು ಹೇಳಿದಾಗ ಮೂರನೇ ಮನೆಯವರು ಮೊದಲ ಸಲ ತಲೆ ಕೆರೆದುಕೊಂಡರು. ಬಾಣಂತಿಯ ಕೂಸಿಗೆ ಹೋದ ತಿಂಗಳು ಎರಡು ಸಲ ಹೊಟ್ಟೆ ಕೆಟ್ಟಿತ್ತು.

ಅಷ್ಟರಲ್ಲಿ ವಾಲ್ವ್‌ಮ್ಯಾನ್ ಸೈಕಲ್ಲಿನಲ್ಲಿ ಬಂದ. ಕ್ಯಾರಿಯರಿಗೆ ಕಟ್ಟಿದ ಉದ್ದನೆಯ ಕಬ್ಬಿಣದ ಕೀಲಿ. ಎಲ್ಲರೂ ಒಟ್ಟಿಗೆ ಮೇಲೆ ಬಿದ್ದರು. ಅವನಿಗೆ ಇದು ಹೊಸದಲ್ಲ. "ಸಾರ್, ನಾನು ತಿರುಗಿಸೋದು ಇಷ್ಟೇ ಸುತ್ತು, ಬಿಡೋದು ಇಷ್ಟೇ ಗಂಟೆ. ಇನ್ನೂ ಹತ್ತು ಬೀದಿ ನೋಡಬೇಕು. ನಾನು ನೀರನ್ನು ಬೀದಿಗೆ ಬಿಡ್ತೀನಿ, ಮನೆಗಲ್ಲ. ಬೀದಿಗೆ ಬಂದ ನೀರನ್ನು ಹಂಚಿಕೊಳ್ಳೋರು ನೀವು" ಎಂದ. ಅಜ್ಜಿಯ ಕಡೆ ತಿರುಗಿ, "ಅಮ್ಮಾ, ನಿಮ್ಮ ಮನೆ ನಲ್ಲಿ ನೋಡೇ ನಾನು ಒತ್ತಡ ಎಷ್ಟಿದೆ ಅಂತ ತಿಳ್ಕೊಳ್ಳೋದು. ಅಲ್ಲಿ ಬಂದರೆ ಎಲ್ಲರಿಗೂ ಬಂತು ಅಂತ ಲೆಕ್ಕ" ಎಂದು ಸೇರಿಸಿದ.

ಕೀಲಿಯವನ ಈ ಮಾತಿನಲ್ಲಿ ಹಳೆಯದೊಂದು ವಿದ್ಯೆ ಇದೆ. ಬೆಂಗಳೂರು, ಕೋಲಾರ, ತುಮಕೂರು ಸೀಮೆಯ ಕೆರೆಗಳ ಕೆಳಗೆ ಗದ್ದೆ ಮಾಡಿದವರ ಮನೆಯಿಂದ ಬಂದವರಿಗೆ ನೀರಗಂಟಿಯ ಹೆಸರು ಗೊತ್ತಿರುತ್ತದೆ. ಕೆರೆಯ ತೂಬು ಎತ್ತುವುದೂ ಇಳಿಸುವುದೂ ಅವನ ಕೆಲಸ. ಬಹಳ ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳದ್ದು. ರೈತ ತನ್ನ ಗದ್ದೆಗೆ ತಾನೇ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ಎಷ್ಟೇ ದೊಡ್ಡ ಗೌಡನಾದರೂ ನೀರಗಂಟಿ ಬಂದು ಬದು ಕಡಿದ ಮೇಲೆಯೇ ನೀರು. ಸುಗ್ಗಿಯಲ್ಲಿ ಕಣದಲ್ಲಿ ಅವನ ಪಾಲಿನ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಮಳೆ ಕಡಿಮೆಯಾದ ವರ್ಷ ಎಷ್ಟು ಭೂಮಿಗೆ ಭತ್ತ, ಎಷ್ಟಕ್ಕೆ ರಾಗಿ ಎಂಬುದು ಮೊದಲೇ ತೀರ್ಮಾನವಾಗುತ್ತಿತ್ತು. ಅಚ್ಚುಕಟ್ಟಿನ ಕಡೆಯ ಗದ್ದೆ ಒಣಗಿದರೆ ಅದು ಆ ಒಬ್ಬ ರೈತನ ಗ್ರಹಚಾರ ಎಂದು ಊರು ಕೈತೊಳೆದುಕೊಳ್ಳುವಂತಿರಲಿಲ್ಲ. ಜಗಳ ಚಾವಡಿಗೇ ಬರುತ್ತಿತ್ತು. ಆ ಏರ್ಪಾಟಿನಲ್ಲಿ ಅನ್ಯಾಯಗಳಿರಲಿಲ್ಲ ಎಂದಲ್ಲ. ನೀರು ಬಿಡುವವನ ಕೇರಿಗೇ ಊರ ಬಾವಿಯ ನೀರು ಮುಟ್ಟುವ ಹಕ್ಕಿಲ್ಲದ ಕಾಲವೂ ಅದೇ. ಆದರೆ ಹರಿಯುವ ನೀರನ್ನು ಕೊನೆಯಿಂದ ಅಳೆಯಬೇಕು ಎಂಬ ತಿಳಿವಳಿಕೆ ಕೆರೆಯ ಕೆಳಗೆ ಬದುಕಿದವರಿಗೆ ಇತ್ತು. ಕೊಳವೆ ನೆಲದೊಳಗೆ ಹೋದದ್ದೇ ತಡ, ಆ ತಿಳಿವಳಿಕೆಯೂ ಮಣ್ಣಿನೊಳಗೆ ಹೋಯಿತು. ಕಾಲುವೆಯಲ್ಲಾದರೆ ಯಾರು ಮಡೆ ಕಟ್ಟಿದರೆಂದು ಕಣ್ಣಿಗೆ ಕಾಣುತ್ತದೆ.

ಅಂದಿನ ಮಾತುಕತೆ ಎರಡು ಕಾಫಿಯಷ್ಟು ಹೊತ್ತು ನಡೆಯಿತು. ಕಾರ್ಪೊರೇಟರನ್ನು ಹಿಡಿಯೋಣ ಎಂದು ಒಬ್ಬರೆಂದರು. 2020ರ ಸೆಪ್ಟೆಂಬರಿನಲ್ಲಿ ಆಗಿನ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ, ಹಿಡಿಯಲು ಜನಪ್ರತಿನಿಧಿಯೇ ಇಲ್ಲದೆ ಬೀದಿ ಅಭ್ಯಾಸ ಮಾಡಿಕೊಂಡಿತ್ತು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಪಾಲಿಕೆ ಐದಾದರೂ ನೀರಿಗೆ ಇರುವುದು 1964ರಲ್ಲಿ ಹುಟ್ಟಿದ ಅದೇ ಜಲಮಂಡಳಿ. ಅದರ 1916ಕ್ಕೆ ಫೋನು ಮಾಡಿದರೆ ದೂರು ದಾಖಲಾಗುತ್ತದೆ. ಒಡೆದ ಕೊಳವೆ, ಕೆಟ್ಟ ವಾಲ್ವುಗಳಿಗೆ ಅದೇ ದಾರಿ. ಮೋಟಾರಿನ ಮೇಲೂ ದೂರು ಕೊಡಬಹುದು. ಆದರೆ ಬೆಳಗಾದರೆ ಮುಖ ನೋಡಬೇಕಾದ ಏಳು ಮನೆಗಳ ಮೇಲೆ ದೂರು ಬರೆದು, ಸಂಜೆ ಗಣಪತಿ ಚಂದಾ ಕೇಳಲು ಅವರ ಬಾಗಿಲಿಗೇ ಹೋಗುವುದು ಹೇಗೆ? ಬೀದಿಯ ಸಂಕಟ ಇದೇ. ಕಾನೂನು ಬಳಿಯಲ್ಲೇ ಇರುತ್ತದೆ, ಬಳಸಲು ಕೈ ಬಾರದು.

"ಒಂದು ಸರದಿ, ಒಂದೇ ಒಂದು ಸರದಿ ಯಾರೂ ಮೋಟಾರು ಹಾಕಬೇಡಿ. ಏನಾಗುತ್ತೋ ನೋಡೋಣ" ಎಂದರು ಮೇಷ್ಟ್ರು. ಒಬ್ಬರು ನಿಲ್ಲಿಸಿದರೆ ಉಳಿದ ಆರು ಜನಕ್ಕೆ ಲಾಭ. ಏಳೂ ಜನ ಒಟ್ಟಿಗೆ ನಿಲ್ಲಿಸಿದರೆ ಮಾತ್ರ ಯಾರಿಗೂ ನಷ್ಟವಿಲ್ಲ. ಪಿ.ಜಿ.ಯವರು ಗೊಣಗಿದರು. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಿಗೆ ಸರ್ಕಾರ ಹಾಕಿಕೊಂಡಿರುವ ಅಳತೆ. ಆ ಪ್ರಕಾರ ಅರವತ್ತು ಜನಕ್ಕೆ 8,100 ಲೀಟರ್. "ಎರಡು ದಿನಕ್ಕೆ ಹದಿನಾರು ಸಾವಿರ ಬೇಕು, ಇದು ಮನೆ ಕೊಳವೆಯಿಂದ ಆಗುವ ಮಾತೇ?" ಎಂದು ಮೇಷ್ಟ್ರು ಅವರ ಎದುರೇ ಗುಣಿಸಿ ತೋರಿಸಿದರು. ವ್ಯಾಪಾರಕ್ಕೆ ಬೇಕಾದ ನೀರಿಗೆ ವ್ಯಾಪಾರದ ದಾರಿಯೇ ಬೇಕು ಎಂಬ ಮಾತಿಗೆ ಉತ್ತರ ಸಿಗಲಿಲ್ಲ. ಅವರೂ ಒಂದು ಸರದಿಗೆ ಒಪ್ಪಿದರು.

ಮಂಗಳವಾರ ನಸುಕಿಗೆ ನೀರು ಬಿಟ್ಟರು. ಬೀದಿಯಲ್ಲಿ ಬಹಳ ದಿನಗಳ ಮೇಲೆ ಸದ್ದಿಲ್ಲ. ಮೊದಲ ಮನೆಗಳ ಸಂಪುಗಳು ಎಂದಿಗಿಂತ ನಿಧಾನವಾಗಿ ತುಂಬಿದವು. ಮೂರನೇ ಮನೆಯ ಯಜಮಾನರು ಟಾರ್ಚು ಹಿಡಿದು ತಮ್ಮ ಸಂಪಿನೊಳಗೆ ಇಣುಕುತ್ತ ನಿಂತಿದ್ದರು. ಆರೂವರೆಗೆ ಮುಕ್ಕಾಲು ತುಂಬಿತು. ಮೋಟಾರು ಹಾಕಿದಾಗ ಅರ್ಧಕ್ಕೆ ನಿಲ್ಲುತ್ತಿದ್ದ ಸಂಪು ಅದು. ಅವರು ಗೇಟಿನ ಬಳಿಯ ನಲ್ಲಿಯನ್ನು ತಾವೇ ತಿರುಗಿಸಿ ನಿಲ್ಲಿಸಿದರು. ಒಬ್ಬೊಬ್ಬರೇ ನಿಲ್ಲಿಸಿದಂತೆ ನೀರು ಏರು ಹತ್ತಿತು. ಏಳು ಗಂಟೆಗೆ ಅಜ್ಜಿಯ ನಲ್ಲಿ ಮೊದಲು ಸುಯ್ಯೆಂದು ಗಾಳಿ ಬಿಟ್ಟಿತು, ಆಮೇಲೆ ಕೆಂಪು ನೀರು, ಆಮೇಲೆ ಸಣ್ಣ ಬೆರಳು ಗಾತ್ರದ ತಿಳಿ ನೀರು. ವಾಲ್ವು ನಿಲ್ಲಿಸುವ ಹೊತ್ತಿಗೆ ಹಂಡೆ ತುಂಬಿ, ಬಿಂದಿಗೆ ತುಂಬಿ, ನಾಲ್ಕು ಬಕೆಟ್ ತುಂಬಿತ್ತು. ದೊಡ್ಡ ಸಿರಿಯೇನಲ್ಲ. ಎರಡು ಜೀವಕ್ಕೆ ಎರಡು ದಿನಕ್ಕೆ ಸಾಕು.

ಇದಾದ ಮೇಲೆ ಬೀದಿಯವರು ಮೂರು ಕೆಲಸ ಮಾಡಿಕೊಂಡರು. ಬಾಲ್ ವಾಲ್ವ್ ಇಲ್ಲದ ಐದು ಸಂಪುಗಳಿಗೆ ಅದನ್ನು ಹಾಕಿಸಿದರು. ಪ್ಲಂಬರನ್ನು ಒಟ್ಟಿಗೆ ಕರೆದದ್ದರಿಂದ ಕೂಲಿಯೂ ಕಡಿಮೆಯಾಯಿತು. ಮೊದಲ ಎಂಟು ಮನೆಗಳವರು ಒಂದೂವರೆ ಗಂಟೆಯ ಮೇಲೆ ನಲ್ಲಿ ನಿಲ್ಲಿಸಬೇಕೆಂದು ಮಾತಾಯಿತು. ಬರೆದು ಸಹಿ ಹಾಕುವುದೇ ಬೇಡವೇ ಎಂಬ ಬಗ್ಗೆ ಅರ್ಧ ಗಂಟೆ ಜಗಳವಾಗಿ, ಬೇಡ ಎಂದಾಯಿತು. ಮೂರನೆಯದು ಮಳೆಯ ಕೆಲಸ.

2009ರಿಂದ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಾನೂನು. ಹಳೆಯ ಮನೆಗಳಾದರೆ ಅರವತ್ತು-ನಲವತ್ತು ಮತ್ತು ಮೇಲಿನ ನಿವೇಶನಗಳಿಗೆ, ಹೊಸದಾಗಿ ಕಟ್ಟುವವರಾದರೆ ಮೂವತ್ತು-ನಲವತ್ತಕ್ಕೂ ಕಡ್ಡಾಯ ಎಂದು ಆಗ ಬಂದದ್ದು. ಈ ಬೀದಿಯ ಹಳೆಯ ಮನೆಗಳು ಅದಕ್ಕೆ ಸಿಕ್ಕಲಿಲ್ಲ. ಸಿಕ್ಕದ್ದರಿಂದ ಯಾರೂ ಯೋಚಿಸಲೂ ಇಲ್ಲ. ಕಾನೂನು ಬಿಟ್ಟು ಬರೀ ಲೆಕ್ಕ ನೋಡಿ. ಸಾವಿರ ಚದರಡಿಯ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಸರಾಸರಿ ಮೂವತ್ತೆಂಟು ಅಂಗುಲದಷ್ಟು. ಅಂದರೆ ಒಂದು ತಾರಸಿಗೆ ತೊಂಬತ್ತು ಸಾವಿರ ಲೀಟರ್ ಹತ್ತಿರ. ಒಂದಿಷ್ಟು ಆರಿಹೋಗಲಿ, ಮೊದಲ ಮಳೆಯ ಕೊಳೆಯೊಂದಿಗೆ ಒಂದಿಷ್ಟು ಹೊರಗೆ ಬಿಡಲಿ, ಉಳಿದದ್ದೂ ಕಡಿಮೆಯಲ್ಲ. ಮೇ ತಿಂಗಳ ಅಡ್ಡಮಳೆ, ಸೆಪ್ಟೆಂಬರ್ ಅಕ್ಟೋಬರಿನ ಜಡಿಮಳೆ, ಎಲ್ಲವೂ ತಾರಸಿಯ ಪೈಪಿನಿಂದ ನೇರವಾಗಿ ಮೋರಿಗೆ ಇಳಿದು, ತಗ್ಗಿನ ಬಡಾವಣೆಯವರ ಮನೆಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ನಾವು ಕಾಣದ ನೀರು ಅವರಿಗೆ ಮಳೆಗಾಲದಲ್ಲಿ ಮೊಣಕಾಲವರೆಗೆ ಎಂಬಂತೆ! ಜಯನಗರದಲ್ಲಿ ಜಲಮಂಡಳಿಯವರೇ ಮಳೆನೀರು ಕೊಯ್ಲಿಗೆಂದು ಒಂದು ಪಾರ್ಕು ಮಾಡಿದ್ದಾರೆ. ಪೈಪು, ಶೋಧಕ, ಇಂಗುಗುಂಡಿಗಳನ್ನು ಕಣ್ಣಾರೆ ನೋಡಬಹುದು. ಮೇಷ್ಟ್ರು ನಾಲ್ಕು ಜನರನ್ನು ಕರೆದುಕೊಂಡು ಹೋಗಿಬಂದರು. ಮಳೆಗಾಲಕ್ಕೆ ಮೊದಲು ಆರು ಮನೆಗಳ ತಾರಸಿಯ ಪೈಪು ಸಂಪಿನ ಕಡೆ ತಿರುಗಿತು. ಆ ಆರರಲ್ಲಿ ಪಿ.ಜಿ.ಯೂ ಒಂದು. ದಾನಬುದ್ಧಿಯಿಂದಲ್ಲ, ಟ್ಯಾಂಕರಿನ ಬಿಲ್ಲು ನೋಡಿ.

ಆರು ಮನೆ ಬಚ್ಚಲಿಗೂ ಬಟ್ಟೆಗೂ ಮಳೆನೀರು ಬಳಸಿದ ದಿನ ಆ ಆರು ಮನೆಯವರು ಕಾವೇರಿಯ ನಲ್ಲಿಯನ್ನು ಬೇಗ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದ ನೀರು ಏರು ಹತ್ತುತ್ತದೆ. ತಾರಸಿಯ ಮಳೆ ಯಾರದ್ದಾದರೂ ಅದರ ಉಪಕಾರ ಕೊನೆಯ ಮನೆಯವರೆಗೆ ಹೋಗುತ್ತದೆ ಎಂಬುದನ್ನು ಕಾನೂನಿನ ಪುಸ್ತಕ ಹೇಳುವುದಿಲ್ಲ, ಕೊಳವೆ ಹೇಳುತ್ತದೆ.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾದೀತು. ಏಳು ಮೋಟಾರುಗಳಲ್ಲಿ ಕಿತ್ತು ತೆಗೆದದ್ದು ನಾಲ್ಕು. ಮೂರು ಇನ್ನೂ ಗೋಣಿಚೀಲದ ಕೆಳಗೆ ಇವೆ. "ಕಷ್ಟಕಾಲಕ್ಕೆ ಇರಲಿ" ಎಂದು. ಏಪ್ರಿಲ್ ತಿಂಗಳ ಒಂದು ಸರದಿಯಲ್ಲಿ ಆ ಮೂರರಲ್ಲೊಂದು ಮತ್ತೆ ಗುಂಯ್ ಎಂದಿತು. ಯಾರೂ ಬೀದಿಗೆ ಬಂದು ಕೂಗಾಡಲಿಲ್ಲ. ಮೇಷ್ಟ್ರು ಚಪ್ಪಲಿ ಮೆಟ್ಟಿ ಹೋಗಿ ಗೇಟಿನ ಚಿಲಕ ಅಲ್ಲಾಡಿಸಿದರು. ಒಳಗಿನಿಂದ ಬಂದವರು, "ಇಲ್ಲ ಮೇಷ್ಟ್ರೇ, ಮನೇಲಿ ನೆಂಟರು…" ಎಂದು ತಡವರಿಸಿದರು. "ನೆಂಟರಿದ್ದರೆ ನಮ್ಮ ಮನೆಯಿಂದ ನಾಲ್ಕು ಕೊಡ ತಗೊಂಡು ಹೋಗಿ. ಮೇಲೆ ಅಜ್ಜಿ ಕಾಯ್ತಾ ಇದಾರೆ" ಎಂದರು ಮೇಷ್ಟ್ರು. ಸದ್ದು ನಿಂತಿತು. ನೆಂಟರ ಮನೆಯ ಹುಡುಗ ನಿಜಕ್ಕೂ ಎರಡು ಕೊಡ ಹಿಡಿದುಕೊಂಡು ಬಂದ. ಮೇಷ್ಟ್ರ ಹೆಂಡತಿ ತುಂಬಿಸಿ ಕೊಟ್ಟರು.